ಕಡಿದ ಬೇರಿಗೆ ಮುಲಾಮು

"ಇನ್ನೊಂದು ಬಾಟಲಿ ನೀರು ಕೊಡಿ."

"ಮೇಡಂ, ಅದು ಕುಡಿಯೋ ನೀರು."

"ಗೊತ್ತು. ಕೊಡಿ."

ದಫೇದಾರ ಗುಂಡಿಯ ಅಂಚಿನಲ್ಲಿ ಬಗ್ಗಿ ಬಾಟಲಿ ಚಾಚಿದ. ಕೆಳಗೆ ಮಂಡಿಯೂರಿ ಕೂತಿದ್ದ ಇನ್ಸ್‌ಪೆಕ್ಟರ್ ಅದನ್ನು ಇಸಿದುಕೊಂಡು ಬೇರಿನ ತುದಿಯ ಮೇಲೆ ಸುರಿದಳು. ಕೆಸರು ಕರಗಿ ಇಳಿಯಿತು. ಅವಳ ಪ್ಯಾಂಟು ಮೊಳಕಾಲಿನವರೆಗೆ ಒದ್ದೆಯಾಗಿತ್ತು, ಉಗುರಿನ ಸಂದಿಯಲ್ಲೆಲ್ಲ ಮಣ್ಣು.

ನಿನ್ನೆ ಬೆಳಿಗ್ಗೆ ಈ ಮಳೆಮರ ಒಂದಿಷ್ಟೂ ಗಾಳಿಯಿಲ್ಲದೆ ಹೆದ್ದಾರಿಗೆ ಅಡ್ಡ ಬಿದ್ದು, ಮಕ್ಕಳನ್ನು ಇಳಿಸಿ ವಾಪಸಾಗುತ್ತಿದ್ದ ಶಾಲಾ ವ್ಯಾನಿನ ಡ್ರೈವರನ್ನು ಕೊಂದಿತ್ತು; ರಸ್ತೆಬದಿಯ ಮರಗಳ ಹೊಣೆ ಹೊತ್ತ ಮೇಸ್ತ್ರಿ ಲಾಕಪ್ಪಿನಲ್ಲಿದ್ದ, ಇನ್ನೂ ಒಂದು ಮಾತೂ ಆಡಿರಲಿಲ್ಲ.

"ಕೇಬಲ್ಲಿನೋರೇ ಮೇಡಂ," ಎಂದ ದಫೇದಾರ. "ಕಾಲುವೆ ತೋಡ್ತಾರೆ, ಬೇರು ಕಿತ್ತು ಹಾಕ್ತಾರೆ, ಮುಚ್ಚಿ ಹೋಗ್ತಾರೆ. ಎಲ್ಲಾ ಕಡೆ ಇದೇ ಕಥೆ."

"ಅವರ ಯಂತ್ರ ಬೇರು ಕಿತ್ತರೆ ಹೇಗಿರುತ್ತೆ?"

"ನಾರು ನಾರಾಗಿರುತ್ತೆ."

"ಇಳಿದು ಬಂದು ಇದನ್ನ ನೋಡಿ."

"ನನ್ನ ಮಂಡಿ ಇಳಿಯೋಕೆ ಒಪ್ಪುತ್ತೆ ಮೇಡಂ, ಹತ್ತೋಕೆ ಒಪ್ಪಲ್ಲ. ಇಲ್ಲಿಂದಲೇ ಕಾಣ್ತಿದೆ ಬಿಡಿ."

ಕಾಣುತ್ತಿತ್ತು. ತೊಡೆ ಗಾತ್ರದ ಬೇರು, ಕೈಗರಗಸದಲ್ಲಿ ಕೊಯ್ದು ನುಣುಪಾದ ತುದಿ. ಪಕ್ಕದ್ದೂ ಹಾಗೆಯೇ. ಅದರ ಪಕ್ಕದ್ದೂ. ಹೊಲದ ಕಡೆಗೆ ಚಾಚಿಕೊಂಡು ಮರವನ್ನು ಹಿಂದಕ್ಕೆ ಹಿಡಿದಿದ್ದ ಬೇರುಗಳೆಲ್ಲ ಕೊಯ್ದಂಥವು. ರಸ್ತೆ ಕಡೆಯವು ಮಾತ್ರ ಬೀಳುವ ಭಾರಕ್ಕೆ ಹರಿದು, ಸಿಗಿದು ನಿಂತಿದ್ದವು.

ಮೊನ್ನೆಯ ಮಳೆಗೆ ಮಣ್ಣು ಮೆತ್ತಗಾಗಿತ್ತು. ಇಷ್ಟು ಕೆಲಸ ಮಾಡಿಟ್ಟ ಮೇಲೆ ಗಾಳಿ ಯಾಕೆ ಬೇಕು?

ಅವಳು ಉಳಿದ ನೀರನ್ನೂ ಸುರಿದು ಕರವಸ್ತ್ರದಿಂದ ತುದಿಯನ್ನು ಉಜ್ಜಿದಳು. ಬಟ್ಟೆಗೆ ಬಣ್ಣ ಹತ್ತಿತು. ತಿಳಿ ನೀಲಿ.

"ಇದೇನು?"

ದಫೇದಾರ ಈ ಸಲ ಮಂಡಿಯ ಮಾತೆತ್ತದೆ ಕುಕ್ಕರಗಾಲಲ್ಲಿ ಕೂತ. "ಮುಲಾಮು," ಎಂದ.

ಅವಳಿಗೂ ಅದು ಗೊತ್ತಿತ್ತು. ನಿನ್ನೆ ಮರದ ಗ್ಯಾಂಗಿನ ಕೊಟ್ಟಿಗೆಯಲ್ಲಿ ಅದರ ಡಬ್ಬ ನೋಡಿದ್ದಳು. ಮೈಲುತುತ್ತ, ಸುಣ್ಣ, ನೀರು. ಕೊಂಬೆ ಕಡಿದ ಗಾಯಕ್ಕೆ ಹುಳು, ಬೂಷ್ಟು ಹಿಡಿಯಬಾರದೆಂದು ಹಚ್ಚುವ ಲೇಪ. ಮೇಸ್ತ್ರಿಯ ಕಟ್ಟುನಿಟ್ಟು ಇಲಾಖೆಗೆಲ್ಲ ಗೊತ್ತು: ಬೆರಳು ಗಾತ್ರದ ರೆಂಬೆ ಕಡಿದರೂ ಅದಕ್ಕೆ ಮುಲಾಮು ಬಳಿಯದೆ ಯಾರೂ ಮರ ಇಳಿಯುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಕಚೇರಿಯವರು ಆ ಗ್ಯಾಂಗನ್ನು ಮರದ ಡಾಕ್ಟ್ರುಗಳು ಎಂದು ಆಡಿಕೊಳ್ಳುತ್ತಿದ್ದರು.

"ಮರ ಬೀಳಲಿ ಅಂತ ಬೇರು ಕೊಯ್ದವನು ಮುಲಾಮು ಯಾಕೆ ಹಚ್ತಾನೆ?" ಎಂದಳು.

"ಕೈ ಅಭ್ಯಾಸ ಮೇಡಂ. ನಮ್ಮ ಮಾವ ನಿವೃತ್ತಿಯಾದ ಮೇಲೂ ಬೆಳಿಗ್ಗೆ ಎದ್ದು ಬೂಟು ಪಾಲಿಶ್ ಮಾಡ್ತಿದ್ರು. ಹೋಗೋಕೆ ಎಲ್ಲೂ ಇರ್ಲಿಲ್ಲ." ಅವನು ತನ್ನ ಮಾತನ್ನು ತಾನೇ ಮೆಲುಕು ಹಾಕಿದ. "ಕೊಯ್ದ, ಪಕ್ಕದಲ್ಲಿ ಡಬ್ಬ ಇತ್ತು, ಬಳಿದ. ತಲೆ ಬೇಡ ಅನ್ನೋ ಮೊದ್ಲೇ ಕೈ ಮುಗಿಸಿಬಿಟ್ಟಿರುತ್ತೆ."

ಅವಳಿಗೂ ಹಾಗೇ ಅನ್ನಿಸಿತು. ಹಾಗಾದರೆ ಕೇಬಲ್ಲಿನವರಲ್ಲ, ಹೊರಗಿನ ಕಳ್ಳರಲ್ಲ. ಗ್ಯಾಂಗಿನವನೇ. ಗ್ಯಾಂಗಿನಲ್ಲಿ ಇದ್ದವರು ಮೂವರು. ಮಷಿನ್ ಗರಗಸದವನು ತೋಳು ಮುರಿದುಕೊಂಡು ಆಸ್ಪತ್ರೆ ಸೇರಿ ಬಹಳ ದಿನವಾಗಿತ್ತು. ಉಳಿದವರು ಮೇಸ್ತ್ರಿ, ಮತ್ತು ಅವನ ಹೆಂಡತಿಯ ತಮ್ಮ. ಮರ ಹತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಅದಕ್ಕೇ ಎಲ್ಲರೂ ಅವನನ್ನು ಉಡ ಎಂದೇ ಕರೆಯುತ್ತಿದ್ದರು.

ಗುಂಡಿಯಿಂದ ಮೇಲೆ ಬಂದು ಬಿದ್ದ ಮರದ ಉದ್ದಕ್ಕೂ ನಡೆದಳು. ಒಂದು ವಿಷಯ ನಿನ್ನೆಯಿಂದ ಕೊರೆಯುತ್ತಿತ್ತು. ರಸ್ತೆಯ ಮೇಲೆ ಚಾಚಿದ್ದ ದೊಡ್ಡ ಕೊಂಬೆಗಳಲ್ಲಿ ಕೆಲವನ್ನು ಇತ್ತೀಚೆಗೆ ಕಡಿದಿದ್ದರು. ಆ ಗಾಯಗಳಿಗೂ ನೀಲಿ ಬಳಿದಿತ್ತು.

"ರಸ್ತೆ ಕಡೆ ಬೀಳಬೇಕು ಅಂದ್ರೆ ರಸ್ತೆ ಕಡೆ ಭಾರ ಇರಬೇಕು. ಇಲ್ಲಿ ಭಾರ ಇಳಿಸಿದಾರೆ."

"ತಲೆ ತೆಗೆಯೋಕೆ ಮುಂಚೆ ಕ್ಷೌರ ಮಾಡಿಸಿದ್ದಾರೆ," ಎಂದ ದಫೇದಾರ. ಅವಳು ನಗಲಿಲ್ಲ.

ಫೋನು ಹೊಡೆದುಕೊಂಡಿತು. ಸಾಹೇಬರು.

"ಇನ್ನೂ ಗುಂಡೀಲೇ ಇದೀಯೇನಮ್ಮ?"

"ಸರ್, ಬೇರು ಕೊಯ್ದಿದಾರೆ. ಇದು ನಿರ್ಲಕ್ಷ್ಯ ಅಲ್ಲ, ಕೊಲೆ ಆಗಬಹುದು."

"ಮರ ಬಿತ್ತು, ಮರ ನೋಡ್ಕೊಳ್ಳೋನು ನೋಡ್ಕೊಳ್ಳಲಿಲ್ಲ. ಇದಕ್ಕಿಂತ ಸರಳ ಕೇಸು ನಿನ್ನ ಸರ್ವೀಸಲ್ಲೇ ಸಿಗಲ್ಲ. ಇವತ್ತು ಅವನನ್ನ ಕೋರ್ಟಿಗೆ ಹಾಜರು ಮಾಡು. ಗುಂಡಿ ಮುಚ್ಚೋಕೆ ಹೆದ್ದಾರಿಯೋರು ಕಾಯ್ತಾ ಇದಾರೆ."

"ಸಂಜೆವರೆಗೆ ಟೈಮ್ ಕೊಡಿ ಸರ್."

"ನೀನು ಟೈಮ್ ಕೇಳ್ತಾ ಇರು. ಅತ್ತ ಆ ಡ್ರೈವರ್ ಹೆಂಡತಿ ನನ್ನ ಮೇಜಿನ ಮುಂದೆ ಕೂತಿದಾಳೆ. ಅವಳಿಗೆ ಏನು ಹೇಳಲಿ? ಬೇರು ತೊಳೀತಾ ಇದೀವಿ ಅನ್ನಲಾ?"

ಲೈನು ಕಡಿದುಹೋಯಿತು. ಅವಳು ಕರವಸ್ತ್ರ ಮಡಚಿ ಕವರಿನೊಳಗೆ ಹಾಕಿದಳು. ಇವತ್ತು ಗುಂಡಿ ಮುಚ್ಚಿದರೆ ನಾಳೆ ಈ ನೀಲಿ ಬಣ್ಣಕ್ಕೆ ಈ ಕರವಸ್ತ್ರ, ಅವರಿಬ್ಬರ ಬಾಯಿಮಾತು ಬಿಟ್ಟರೆ ಸಾಕ್ಷಿಯಿಲ್ಲ.

"ದಫೇದಾರ್ರೇ, ನೀವು ಸ್ಟೇಷನ್ನಿಗೆ ಹೋಗಿ ಮೇಸ್ತ್ರೀನ ವ್ಯಾನಲ್ಲಿ ಕೋರ್ಟಿಗೆ ಕರ್ಕೊಂಡು ಹೋಗಿ. ನಾನು ಅವನ ಮನೆಗೆ ಹೋಗ್ತೀನಿ."

"ದಾರೀಲಿ ಬಾಯಿ ಬಿಟ್ರೆ?"

"ಬಿಡಲ್ಲ. ಬಿಟ್ರೆ ಕೂಡಲೇ ಫೋನ್ ಮಾಡಿ."

*

ಮೇಸ್ತ್ರಿಯ ಮನೆ ಇಲಾಖೆಯ ಸಸಿತೋಟದ ಹಿಂದಿತ್ತು. ಎರಡು ಕೋಣೆ, ತಗಡಿನ ಮಾಡು, ಬಾಗಿಲ ಪಕ್ಕದ ಗೂಟದಲ್ಲಿ ಎರಡು ಕಿತ್ತಳೆ ಬಣ್ಣದ ಅಂಗಿ. ಒಂದು ಒಗೆದದ್ದು. ಇನ್ನೊಂದರ ಅಂಚಿಗೆ ಮಣ್ಣು ಮೆತ್ತಿತ್ತು.

ಮೇಸ್ತ್ರಿಯ ಹೆಂಡತಿ ನೆಲದ ಮೇಲೆ ಕೂತು ಮರ ಹತ್ತುವ ಹಗ್ಗವನ್ನು ಮೊಳ ಮೊಳವಾಗಿ ಎಳೆದು ನೋಡುತ್ತಿದ್ದಳು. ಎಲ್ಲಿ ಎಳೆ ಸವೆದಿದೆಯೋ ಅಲ್ಲಿ ಬಣ್ಣದ ದಾರ ಕಟ್ಟುತ್ತಿದ್ದಳು. ಗಂಡ ಲಾಕಪ್ಪಿನಲ್ಲಿದ್ದರೂ ಕೈ ಸುಮ್ಮನಿರಲಿಲ್ಲ.

ಉಡ ಗೋಡೆಗೆ ಒರಗಿ ಕೂತಿದ್ದ. ತೆಳ್ಳಗೆ, ಉದ್ದನೆಯ ತೋಳು. ಮುಂದಿದ್ದ ತಟ್ಟೆಯಲ್ಲಿ ಅನ್ನ ಒಣಗಿತ್ತು.

"ಅವರನ್ನ ಬಿಟ್ರಾ?" ಎಂದು ಕೇಳಿದಳು ಮೇಸ್ತ್ರಿಯ ಹೆಂಡತಿ.

"ಕೋರ್ಟಿಗೆ ಕರ್ಕೊಂಡು ಹೋಗ್ತಿದಾರೆ."

"ಹೊಟ್ಟೆಗೆ ಏನಾದ್ರೂ ಹಾಕಿದ್ರಾ?"

"ಕೊಟ್ವಿ. ಮುಟ್ಟಲಿಲ್ಲ."

"ಮುಟ್ಟಲ್ಲ ಅವರು. ಮನಸ್ಸಿಗೆ ಹತ್ತಿದ್ರೆ ನೀರೂ ಮುಟ್ಟಲ್ಲ." ಅವಳು ಹಗ್ಗ ಕೆಳಗಿಟ್ಟಳು. "ಮೇಡಂ, ಮೂವತ್ತು ವರ್ಷ ಮರ ಕಾದೋರು. ಒಂದು ಗೂಡಿದ್ರೆ ಆ ಕೊಂಬೆ ಬಿಟ್ಟು ಪಕ್ಕದ್ದು ಕಡೀತಾರೆ. ಅವರ ಮೇಲೆ ಹೆಂಗೆ ಹಾಕ್ತೀರಿ ಇದನ್ನ?"

"ಮರದ ಬೇರನ್ನ ಯಾರೋ ಗರಗಸದಲ್ಲಿ ಕೊಯ್ದಿದಾರಮ್ಮ."

ಗೋಡೆಯ ಬಳಿ ತಟ್ಟೆ ಸದ್ದು ಮಾಡಿತು. ಉಡ ಅದನ್ನು ಸರಿಸಿದ್ದ, ಅಷ್ಟೆ.

"ಕೊಯ್ದ ಜಾಗಕ್ಕೆಲ್ಲ ನಿಮ್ಮ ಗ್ಯಾಂಗಿನ ಮುಲಾಮು ಹಚ್ಚಿದೆ," ಎಂದಳು ಇನ್ಸ್‌ಪೆಕ್ಟರ್. "ಅಂದ್ರೆ ಹೊರಗಿನವರಲ್ಲ. ಇಬ್ಬರಲ್ಲಿ ಒಬ್ಬರು. ಒಬ್ಬ ನಿಮ್ಮ ಗಂಡ."

ಇನ್ನೊಬ್ಬ ಯಾರೆಂದು ಹೇಳುವ ಅಗತ್ಯವಿರಲಿಲ್ಲ.

"ಇವನು ಮನೇಲೇ ಇದ್ದ," ಎಂದಳು ಮೇಸ್ತ್ರಿಯ ಹೆಂಡತಿ.

"ಯಾವತ್ತು?"

"ಯಾವಾಗ್ಲೂ. ಕೆಲಸ ಮುಗಿದ್ರೆ ಮನೆ. ನಾನು ಬಡಿಸಿದ್ದು ತಿಂದು ಮಲಗ್ತಾನೆ."

"ಯಾವತ್ತು ಕೊಯ್ದಿದ್ದು ಅಂತ ನಾನು ಇನ್ನೂ ಹೇಳೇ ಇಲ್ಲ ಕಣಮ್ಮ."

ಅವಳು ತಮ್ಮನ ಕಡೆ ನೋಡಿದಳು.

"ಇವನು ಮನೇಲಿದ್ದ ಅಂದ್ರೆ ಕೊಯ್ದಿದ್ದು ನಿಮ್ಮ ಗಂಡ. ಹಾಗೇ ಬರ್ಕೊಳ್ಳಲಾ? ನೀವೇ ಹೇಳಿದ್ದು ಅಂತ?"

"ಹಂಗೆ ನಾನು ಅಂದೆನಾ?"

"ಬೇರೆ ಹೇಗೆ ಅರ್ಥ ಮಾಡ್ಕೊಳ್ಳಲಿ?"

"ಇವನಿಗೆ ನಾನು ಅವ್ವನ ಹಾಗೆ ಮೇಡಂ. ಹೆತ್ತೋಳು ಹೋದಾಗ ಇವನಿಗೆ ಹಲ್ಲು ಬಂದಿರಲಿಲ್ಲ. ಸೊಂಟದ ಮೇಲೆ ಇಟ್ಕೊಂಡೇ ಮದುವೆಯಾಗಿ ಬಂದೆ ನಾನು. ಅವರು ಒಂದು ದಿನ ಇದ್ಯಾರ ಮಗು ಅಂತ ಕೇಳಲಿಲ್ಲ." ಅವಳ ದನಿ ಏರಿತು. "ಗಂಡನ್ನ ಬಿಡಿಸ್ಕೊಳ್ಳೋಕೆ ತಮ್ಮನ್ನ ಕೊಡು ಅಂತೀರಾ? ಇದೇನು ಸಂತೆ ವ್ಯಾಪಾರವಾ?"

ಇನ್ಸ್‌ಪೆಕ್ಟರ್ ಎದ್ದು ಬಾಗಿಲ ಹತ್ತಿರ ಹೋಗಿ ಮಣ್ಣಾಗಿದ್ದ ಅಂಗಿಯನ್ನು ಗೂಟದಿಂದ ತೆಗೆದಳು. ತೋಳು ಬಿಡಿಸಿ ತನ್ನ ತೋಳಿಗೆ ಹಿಡಿದು ನೋಡಿದಳು. ಉದ್ದ. ಮೇಸ್ತ್ರಿ ಗಿಡ್ಡ ಆಸಾಮಿ.

"ಕಿತ್ತಳೆ ಅಂಗಿ ಹಾಕ್ಕೊಂಡು ಮರದ ಬುಡದಲ್ಲಿ ಅಗೀತಾ ಇದ್ರೆ ಯಾರೂ ಗಾಡಿ ನಿಲ್ಸಿ ಕೇಳಲ್ಲ ಅಲ್ವಾ?" ಎಂದು ಉಡನ ಕಡೆ ತಿರುಗಿದಳು. "ಸರ್ಕಾರಿ ಕೆಲಸ ಅಂದ್ಕೋತಾರೆ. ಹಿಂದೆ ಪೊದೆ ಬೇರೆ ಬೆಳೆದಿದೆ. ಪೊದೆ ಕಡಿಯೋ ಕೆಲಸ ಯಾರದ್ದು? ನಿಂದೇ. ಯಾಕೆ ಕಡೀಲಿಲ್ಲ?"

ಉಡ ಕಾಲ ಬೆರಳು ನೋಡುತ್ತ ಕೂತಿದ್ದ.

"ಲೋ," ಎಂದಳು ಅಕ್ಕ. "ಇಲ್ಲ ಅನ್ನೋ."

ಅವನು ತಲೆ ಎತ್ತಲಿಲ್ಲ.

"ಇಲ್ಲ ಅನ್ನೋ ಅಂದೆ! ಬಾಯಿ ಬಿದ್ದುಹೋಗಿದೆಯಾ? ದಿನಾ ಮರದ ಮೇಲೆ ಕೂತು ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯಲ್ಲ, ಈಗ ಒಂದು ಮಾತು ಆಡೋಕಾಗಲ್ವಾ?"

"ಅಕ್ಕಾ, ಮಳೇಲಿ, ರಾತ್ರಿ ಬೀಳುತ್ತೆ ಅಂದಿದ್ರು."

ಅವಳು ಕೆಳಗಿಟ್ಟಿದ್ದ ಹಗ್ಗವನ್ನು ಮಡಿಲಿಗೆ ಎಳೆದುಕೊಂಡಳು.

"ಯಾರು ಅಂದಿದ್ದು?" ಎಂದಳು ಇನ್ಸ್‌ಪೆಕ್ಟರ್.

"ಮರದ ನಾಟಾ ಗುತ್ತಿಗೆದಾರ." ಒಮ್ಮೆ ಶುರುವಾದ ಮೇಲೆ ಅವನು ನಿಲ್ಲಿಸಲಿಲ್ಲ. "ರಸ್ತೆ ಅಗಲ ಮಾಡೋವಾಗ ಈ ಸಾಲು ಉಳಿಸ್ಬೇಕು ಅಂತ ಆರ್ಡರ್ ಆಯ್ತು. ಒಂದು ಬಿದ್ರೆ ಅಪಾಯ ಅಂತಾರೆ, ಸಾಲಿಗೆ ಸಾಲೇ ಕಡಿಯೋಕೆ ಹೇಳ್ತಾರೆ ಅಂದ. ಕಡಿಯೋ ಗ್ಯಾಂಗಿಗೆ ನೀನೇ ಮೇಸ್ತ್ರಿ ಅಂದ. ರಾತ್ರಿ ಮಳೆ ಹೊಡೆದಾಗ ತಾನಾಗಿ ಬೀಳುತ್ತೆ, ಯಾರಿಗೂ ಏನೂ ಆಗಲ್ಲ ಅಂದ. ಮಳೆ ಬಂತು, ಬೀಳಲಿಲ್ಲ. ಬೆಳಿಗ್ಗೆ, ಆ ವ್ಯಾನು ಬಂದಾಗ..."

"ಮೇಸ್ತ್ರಿ ಆಗ್ಬೇಕಿತ್ತಾ ನಿನಗೆ?" ಎಂದಳು ಅಕ್ಕ.

"ಎಷ್ಟು ವರ್ಷ ಹತ್ತಲಿ ಅಕ್ಕ? ಬಾವ ಕೆಳಗೆ ಹಗ್ಗ ಹಿಡ್ಕೊಂಡು ನಿಂತು 'ಅಲ್ಲಿ ಬೇಡ, ಇಲ್ಲಿ ಕಡಿ' ಅಂತಾನೆ. ಸೊಂಟ ಹೋಗಿದೆ ನನಗೆ. ನಲವತ್ತಕ್ಕೆ ಉಡ ಮರ ಹತ್ತುತ್ತಾ? ಒಂದು ಸಲ ನಾನೂ ನೆಲದ ಮೇಲೆ ನಿಲ್ಲೋಣ ಅಂತ..."

"ನೆಲದ ಮೇಲೆ ನಿಂತೆಯಲ್ಲ. ಒಬ್ಬನ್ನ ನೆಲದೊಳಗೆ ಹಾಕಿ ನಿಂತೆ."

ಅವನು ಮುಖ ಮುಚ್ಚಿಕೊಂಡ.

ಇನ್ಸ್‌ಪೆಕ್ಟರ್‌ಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. "ಕೊಯ್ದೆ, ಕೊನೆಗೆ ಮುಲಾಮು ಹಚ್ಚಿ ಸಿಕ್ಕಿಹಾಕ್ಕೊಂಡೆ," ಎಂದಳು. "ನಿಮ್ಮ ಬಾವ ಕಲಿಸಿದ ಪಾಠ ಕೈಬಿಡಲಿಲ್ಲ."

ಉಡ ಕೈ ತೆಗೆದ. ಅವನ ಕಣ್ಣಲ್ಲಿ ನಿಜವಾದ ಗೊಂದಲವಿತ್ತು.

"ನಾನು ಹಚ್ಚಿಲ್ಲ."

"ಸುಳ್ಳು ಹೇಳಿ ಈಗೇನು ಪ್ರಯೋಜನ?"

"ಕೊಯ್ದಿದ್ದನ್ನೇ ಒಪ್ಕೊಂಡೆ, ಬಳಿದಿದ್ದಕ್ಕೆ ಸುಳ್ಳು ಹೇಳ್ತೀನಾ ಮೇಡಂ? ಸಾಯಲಿ ಅಂತ ಕೊಯ್ದ ಮರಕ್ಕೆ ಔಷಧಿ ಯಾರಾದ್ರೂ ಹಚ್ತಾರಾ? ನಾನು ಮಣ್ಣು ಮುಚ್ಚಿ ಬಂದೆ, ಅಷ್ಟೇ."

ತಗಡಿನ ಮಾಡಿನ ಮೇಲೆ ಎಲೆಗಳು ಉದುರುವ ಸದ್ದು ಬಂತು. ಹೊರಗೆ ಗಾಳಿ ಎದ್ದಿತ್ತು.

ನಿನ್ನೆ ಬೆರಳಚ್ಚು ತೆಗೆಯುವಾಗ ಮೇಸ್ತ್ರಿಯ ಉಗುರುಗಳು ನೀಲಿಯಾಗಿದ್ದವು. ಕಸುಬಿನ ಬಣ್ಣ ಎಂದು ಅವಳು ಬಿಟ್ಟುಬಿಟ್ಟಿದ್ದಳು. ಕೊಯ್ದವನು ಒಬ್ಬ. ಆಮೇಲೆ ಬಂದು ಮಣ್ಣು ತೆಗೆದು, ಗಾಯ ತೊಳೆದು, ಮುಲಾಮು ಬಳಿದು ಮತ್ತೆ ಮುಚ್ಚಿದವನು ಇನ್ನೊಬ್ಬ. ರಸ್ತೆ ಕಡೆ ಭಾರ ಕಡಿಮೆಯಾಗಲೆಂದು ಆ ಕೊಂಬೆಗಳನ್ನು ಕಡಿದವನೂ ಅವನೇ. ಅವನು ಮರವನ್ನು ಉಳಿಸಲು ನೋಡಿದ್ದ. ಹೇಗಾದರೂ ನಿಂತೀತು ಎಂದುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ.

"ಅವರಿಗೆ ಗೊತ್ತಿತ್ತು," ಎಂದಳು ಮೇಸ್ತ್ರಿಯ ಹೆಂಡತಿ.

ಅವಳು ಮಡಿಲಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದಳು.

"ಆಚೆ ಮೊನ್ನೆ ಮೈಯೆಲ್ಲ ಕೆಸರು ಮಾಡ್ಕೊಂಡು ಬಂದ್ರು. ಬಡಿಸಿದೆ, ಕೈ ತೊಳೀಲಿಲ್ಲ. ಸುಮ್ನೆ ಕೂತಿದ್ರು. ಆಮೇಲೆ, ನಿನ್ನ ತಮ್ಮ ಇಲ್ದಿದ್ರೆ ನೀನು ಇರ್ತೀಯಾ ಅಂತ ಕೇಳಿದ್ರು. ಏನ್ರೀ ಇದು ಅಪಶಕುನದ ಮಾತು, ಸತ್ತೇ ಹೋಗ್ತೀನಿ ಅಂದೆ." ಅವಳು ತಲೆ ಎತ್ತಿದಳು. "ಏನು ಕೇಳ್ತಿದಾರೆ ಅಂತ ಗೊತ್ತಿದ್ರೆ ಬೇರೆ ಹೇಳ್ತಿದ್ದೆ ಮೇಡಂ. ಆಣೆ. ಬೇರೆ ಹೇಳ್ತಿದ್ದೆ."

ನಿಜವಾಗಿಯೂ ಹೇಳುತ್ತಿದ್ದಳೇ? ಅದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಉಡ ಗೋಡೆ ಹಿಡಿದು ಎದ್ದು ನಿಂತ. "ಬಾವ ನನ್ನನ್ನ ಒಂದು ಮಾತೂ ಕೇಳಲಿಲ್ಲ. ಬೈಯಲೂ ಇಲ್ಲ. ಮಾರನೇ ದಿನ ತಾನೇ ಹತ್ತಿ ಕೊಂಬೆ ಕಡಿದ. ಈ ವಯಸ್ಸಲ್ಲಿ. ನಾನು ಹಗ್ಗ ಹಿಡಿಯೋಕೆ ಹೋದ್ರೆ ಕಿತ್ಕೊಂಡ. ಒಂದು ಮರ ಮುಗಿಸೋ ಹೊತ್ತಿಗೆ ಕತ್ತಲಾಯ್ತು. ಇನ್ನೊಂದಕ್ಕೆ ನಾಳೆ ಅಂತ..."

ಅವನು ತಟಕ್ಕನೆ ಬಾಯಿ ಮುಚ್ಚಿದ.

"ಇನ್ನೊಂದು?" ಎಂದಳು ಇನ್ಸ್‌ಪೆಕ್ಟರ್.

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಎಷ್ಟು ಮರ ಕೊಯ್ದಿದೀಯಾ?"

"ಎರಡು."

"ಎಲ್ಲಿದೆ ಎರಡನೇದು?"

"ಮೋರಿ ಹತ್ರದ ತಿರುವಲ್ಲಿ, ಕವಲು ಮರ. ಆದ್ರೆ ರಸ್ತೆ ಮುಚ್ಚಿದೀರಲ್ಲ ಮೇಡಂ? ನಿನ್ನೆಯಿಂದ ಬಂದ್ ಇದೆಯಲ್ಲ? ಯಾರೂ ಇಲ್ಲದಾಗ ಬಿದ್ದು ಹೋಗಲಿ ಅಂತ ನಾನು..."

"ಬೆಳಿಗ್ಗೆಯೇ ಒಂದು ಕಡೆ ಬಿಟ್ವಿ."

ಬಿಡಿಸಿದ್ದು ಅವಳೇ. ಸಾಹೇಬರು ಕೂಗಾಡಿದ ಮೇಲೆ, ಬಿದ್ದ ಮರದ ಪಕ್ಕ ಒಂದು ಗಾಡಿ ಹೋಗುವಷ್ಟು ಜಾಗ ತೆರವು ಮಾಡಿಸಿ ಅವಳೇ ಕೈ ಬೀಸಿದ್ದಳು. ಸಾಲು ತಿರುವಿನಾಚೆಯವರೆಗೂ ನಿಂತಿತ್ತು. ಕೋರ್ಟಿಗೆ ಹೋಗುವ ದಾರಿಯೂ ಅದೇ.

ಉಡ ಗೋಡೆ ಬಿಟ್ಟು ಮುಂದೆ ಬಂದ. "ಅದರ ಭಾರ ಇಳಿಸಿಲ್ಲ ಮೇಡಂ. ಬಾವ ಅದಕ್ಕೆ ಹತ್ತಲೇ ಇಲ್ಲ. ಎಲ್ಲಾ ಕೊಂಬೆ ರಸ್ತೆ ಮೇಲೇ ಇದೆ."

ಹೊರಗೆ ಗಾಳಿ ಒಣಗಹಾಕಿದ್ದ ಬಟ್ಟೆಯನ್ನು ಕಿತ್ತುಕೊಂಡು ಹೋಯಿತು.

ಅವಳು ಅಷ್ಟರಲ್ಲಾಗಲೇ ಫೋನು ಕಿವಿಗಿಟ್ಟಿದ್ದಳು. ಒಂದು ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ದಫೇದಾರ ಎತ್ತಿದ. ಅವನ ದನಿಯ ಹಿಂದೆ ಹಾರ್ನುಗಳು, ಅವುಗಳ ಹಿಂದೆ ಇನ್ನೇನೋ ಬಡಿಯುವ ಸದ್ದು.

"ನಾನೇ ಫೋನ್ ಮಾಡೋನಿದ್ದೆ ಮೇಡಂ. ಆಸಾಮಿ ಬಾಯಿ ಬಿಟ್ಟ! ಬಿಟ್ಟಿದ್ದೇ ಬಿಟ್ಟಿದ್ದು, ನಿಲ್ಲಿಸ್ತಾನೇ ಇಲ್ಲ. ವ್ಯಾನಿನ ಬಾಗಿಲು ಒದೀತಾ ಇದಾನೆ."

"ಏನು ಹೇಳ್ತಿದಾನೆ?"

"ಗಾಡಿ ತೆಗೀರಿ, ಗಾಡಿ ತೆಗೀರಿ ಅಂತ. ಕೋರ್ಟಿಗೆ ಹೆದರಿದಾನೆ ಅನ್ಸುತ್ತೆ. ಮುಂದೆ ತುಂಬಿದ ಬಸ್ಸು, ಹಿಂದೆ ಲಾರಿ, ಎಲ್ಲಿಗೆ ತೆಗೀಲಿ?"

"ನೀವು ಎಲ್ಲಿ ನಿಂತಿದೀರಾ?"

"ತಿರುವಲ್ಲಿ ಮೇಡಂ. ಒಳ್ಳೇ ನೆರಳಿದೆ ಇಲ್ಲಿ, ಬಿಸಿಲಿಗೆ..."

"ಇಳಿಸಿ ಎಲ್ಲರನ್ನೂ! ಅವನನ್ನ ಇಳಿಸಿ, ಬಸ್ಸಲ್ಲಿರೋರನ್ನ ಇಳಿಸಿ! ಹೊಲದ ಕಡೆ ಓಡಿಸಿ, ರಸ್ತೆ ಕಡೆ ಅಲ್ಲ, ಹೊಲದ ಕಡೆ!"

"ಏನಾಯ್ತು ಮೇಡಂ?"

ಮೇಸ್ತ್ರಿಯ ಹೆಂಡತಿ ಹತ್ತಿರ ಬಂದು ನಿಂತಿದ್ದಳು. ಕೈ ಚಾಚಿದ್ದಳು. ಫೋನಿನೊಳಗಿಂದ, ಬಡಿತದ ನಡುವೆ, ಒಬ್ಬ ಗಂಡಸಿನ ಒಡೆದ ದನಿ ಕೇಳುತ್ತಿತ್ತು. ಇನ್ಸ್‌ಪೆಕ್ಟರ್ ಆ ದನಿಯನ್ನು ಕೇಳುತ್ತಿದ್ದದ್ದು ಅದೇ ಮೊದಲು.

"ಕೊಡಿ," ಎಂದಳು ಮೇಸ್ತ್ರಿಯ ಹೆಂಡತಿ. "ಅವರ ಹತ್ರ ನಾನು ಮಾತಾಡ್ತೀನಿ. ಕೊಡಿ ಮೇಡಂ."

"ಮರದ ಬುಡ ನೋಡಿ ದಫೇದಾರ್ರೇ. ಹೊಲದ ಕಡೆ. ಏನು ಕಾಣುತ್ತೆ?"

ಹೆಜ್ಜೆ ಸದ್ದು. ಗಾಳಿ. ಯಾರೋ ಮಗುವನ್ನು ಗದರಿದರು. ದಫೇದಾರ ಮತ್ತೆ ಮಾತಾಡಿದಾಗ ಅವನ ದನಿ ಬಹಳ ಮೆಲ್ಲಗಿತ್ತು, ಎಚ್ಚರಿಸಬಾರದ ಯಾವುದರದೋ ಪಕ್ಕ ನಿಂತವನ ಹಾಗೆ.

"ಮೇಡಂ, ಇಲ್ಲಿ ಮಣ್ಣು ಮೇಲಕ್ಕೆ ಏಳ್ತಾ ಇದೆ."